ರೇಖೆಯ ಸಾಧನೆ

(ಶಾಲೆಯ ಸ್ನೇಹಸಮ್ಮೇಳನದಲ್ಲಿ ಏರ್ಪಡಿಸಿದ ಚಿತ್ರಪ್ರದರ್ಶನವನ್ನು ಪ್ರಾರಂಭಿಸುತ್ತ ಮಾಡಿದ ಭಾಷಣ)



ನಮ್ಮ ಶಾಲೆಯಲ್ಲಿ ಓದಿ, ಈಗ ಚಿತ್ರಕಲೆಯನ್ನು ಅಭ್ಯಸಿಸುತ್ತಿರುವ ತರುಣನೊಬ್ಬನು ತನ್ನ ಚಿತ್ರಗಳನ್ನು ಇಂದು ನಿಮ್ಮ ಮುಂದೆ ಇಟ್ಟಿದ್ದಾನೆ. ಇದನ್ನು ಪ್ರಾರಂಭಿಸುವ ಗೌರವವನ್ನು ನನಗೆ ಕೊಟ್ಟಿರುವಿರಿ. ಆ ಗೌರವಕ್ಕೆ ನಾನು ಎಷ್ಟರಮಟ್ಟಿಗೆ ಅರ್ಹನೆಂಬುದನ್ನು ಮೊದಲು ನಿವೇದಿಸಿಕೊಳ್ಳಬೇಕಾಗಿದೆ.

ಇವನು ಏಳನೆಯ ತರಗತಿಯಲ್ಲಿದ್ದಾಗ ಗಣಿತದ ವಹಿಯ ಅಂಚಿನಲ್ಲಿ ಎತ್ತುಗಳನ್ನು ಬರೆಯುತ್ತಿದ್ದನು. ನಾನು ಆ ವಹಿಯನ್ನು ಕಸಿದುಕೊಂಡು, ವರ್ಗದ ಮುಂದೆ ಎತ್ತಿ ಹಿಡಿದು, ಅವನನ್ನು ನಗೆಗೀಡು ಮಾಡಿದೆನು. ಅನಂತರ ಅಂಚುಗಳು ಸ್ವಚ್ಛವಾದವು. ಹುಡುಗನು ತಿದ್ದಿಕೊಂಡನೆಂದು ನಾನು ಹಿಗ್ಗಿದೆನು. ಅವನು ತಿದ್ದಿಕೊಂಡಿರಲಿಲ್ಲ, ಬಚ್ಚಿಟ್ಟುಕೊಂಡಿದ್ದನು. ಮೊನ್ನೆ ಆ ಕಾಲದ ವಹಿಯೊಂದನ್ನು ತಂದು ತೋರಿಸಿದನು. ಅದರ ಒಂದೇ ಪುಟದಲ್ಲಿ ಎತ್ತಿನ ಹಿಂಗಾಲನ್ನು ಹದಿನಾಲ್ಕು ಸಲ ಬರೆದಿದ್ದಾನೆ. ಮೊದಲಿನವು ಕಂಬಗಳಂತೆ ನಿಂತಿವೆ. ಕೊನೆಯದು ಮಡಿಚಿ, ನೆಲವನ್ನು ಒದ್ದು, ಭಾರವನ್ನು ಎಳೆಯುತ್ತಿದೆ. ನಾನು ಹುಡುಗಾಟಿಕೆಯೆಂದು ಕರೆದದ್ದು ಅಭ್ಯಾಸವಾಗಿತ್ತು.

ಸಜ್ಜನರೆ, ಚಿತ್ರ ಬರೆಯುವದು ಮೊದಲು ಕಣ್ಣಿನ ಕೆಲಸ, ಆಮೇಲೆ ಕೈಯ ಕೆಲಸ. ನಮ್ಮ ರಾಜ್ಯದ ಎಲಿಮೆಂಟರಿ, ಇಂಟರ್ಮಿಡಿಯೇಟ್ ಚಿತ್ರಕಲಾ ಪರೀಕ್ಷೆಗಳಲ್ಲಿ ಎದುರಿಗಿಟ್ಟ ವಸ್ತುವನ್ನು ಬರೆಯುವದು, ನೆನಪಿನಿಂದ ಬರೆಯುವದು, ಅಲಂಕಾರ, ಭೂಮಿತಿ ಎಂಬ ವಿಭಾಗಗಳಿವೆ. ಹತ್ತನೆಯ ತರಗತಿಗೆ ಹೆಚ್ಚಿನ ಗುಣಗಳು ದೊರೆಯುವವೆಂದು ನಾವು ಮಕ್ಕಳನ್ನು ಕೂಡಿಸುತ್ತೇವೆ. ಆದರೆ ತಂಬಿಗೆಯ ಬಾಯಿ ನಮ್ಮ ಕಣ್ಣಿನ ಎತ್ತರಕ್ಕೆ ತಕ್ಕಂತೆ ಅಗಲವಾಗಿಯೂ ಕಿರಿದಾಗಿಯೂ ತೋರುವದೆಂಬುದನ್ನು ಒಮ್ಮೆ ಕಂಡ ಹುಡುಗನು, ಲೋಕವನ್ನು ಹಿಂದಿನಂತೆ ನೋಡಲಾರನು. ಗುಣಗಳಿಗಿಂತ ಈ ಲಾಭವು ದೊಡ್ಡದು.

ನಮಗೆ ಸಮೀಪದ ಕೊಲ್ಲಾಪುರದಲ್ಲಿ ಆಬಾಲಾಲ ರಹಿಮಾನರಿದ್ದರು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಶಾಹೂ ಮಹಾರಾಜರ ಆಶ್ರಯ ಪಡೆದ ಅವರು 1931ರಲ್ಲಿ ತೀರಿಕೊಂಡರು. ದೂರದ ದೃಶ್ಯಗಳಿಗಾಗಿ ಹಂಬಲಿಸದೆ, ಕೋಟಿತೀರ್ಥದ ಕೆರೆಯನ್ನೇ ಮತ್ತೆ ಮತ್ತೆ ಚಿತ್ರಿಸಿದರು. ಅದೇ ಕಲಾಶಾಲೆಯಲ್ಲಿ ಮುಂದೆ ನಮ್ಮ ಕನ್ನಡಿಗರಾದ ಕೆ. ಕೆ. ಹೆಬ್ಬಾರರು ಕಲಿತರು. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಅವರು, ಲಯವನ್ನು ಅರಿಯಲೆಂದು ಕಥಕ್ ನೃತ್ಯವನ್ನೇ ಅಭ್ಯಸಿಸಿದರು. ಅವರ ರೇಖಾಚಿತ್ರಗಳಲ್ಲಿ ಕೆಲವೇ ಗೆರೆಗಳು ಕುಣಿಯುವ ದೇಹವನ್ನು ನಿಲ್ಲಿಸುತ್ತವೆ. ಆ ಕೆಲವೇ ಗೆರೆಗಳ ಹಿಂದೆ ಎಷ್ಟು ಗೆರೆಗಳು ವ್ಯಯವಾಗಿರಬೇಕು!

ಇನ್ನು ಈ ಗೋಡೆಯನ್ನು ನೋಡಿರಿ. ನಮ್ಮೂರ ಕಣಿವೆಯಲ್ಲಿ 1674ರಲ್ಲಿ ಪ್ರತಾಪರಾವ ಗುಜರರು ಆರು ಜನ ಸಂಗಡಿಗರೊಡನೆ ಶತ್ರುಸೇನೆಯ ಮೇಲೆ ಏರಿಹೋಗಿ ಮಡಿದ ಕಥೆ ನಿಮಗೆಲ್ಲ ಬಾಯಿಪಾಠವಾಗಿದೆ. ಅದಕ್ಕೆ ಇವನು ಚಿತ್ರ ಬರೆದಿದ್ದಾನೆ. ಖಡ್ಗಗಳ ಹೊಳಪಿಲ್ಲ, ರಕ್ತವಿಲ್ಲ. ವಿಶಾಲವಾದ ಬರಿಯ ನೆಲ, ಅದರ ಮೇಲೆ ಏಳು ಸಣ್ಣ ಕುದುರೆಗಳು. ಹೀಗೇಕೆಂದು ಕೇಳಿದೆನು. ಸ್ಮಾರಕದ ಬಳಿ ನಾಲ್ಕು ದಿನ ಕುಳಿತು ನೆಲವನ್ನು ಬರೆದ ಮೇಲೆ, ಏಳು ಜನ ಎಷ್ಟು ಕಡಿಮೆಯೆಂಬುದು ತಿಳಿಯಿತೆಂದು ಹೇಳಿದನು. ನಾನು ಇಪ್ಪತ್ತು ವರ್ಷ ಆ ಪಾಠವನ್ನು ಹೇಳಿದ್ದೇನೆ. ಈ ಮಾತು ನನಗೆ ಹೊಳೆದಿರಲಿಲ್ಲ.

ಮಕ್ಕಳೆ, ಇವನು ಕೆಟ್ಟ ಚಿತ್ರಗಳನ್ನೂ ಒಳ್ಳೆಯವುಗಳ ಪಕ್ಕದಲ್ಲಿಯೇ ತೂಗುಹಾಕಿದ್ದಾನೆ. ಅವುಗಳನ್ನು ದಾಟಿ ಹೋಗಬೇಡಿರಿ. ಸೋತದ್ದನ್ನು ನಾಲ್ಕು ಜನರಿಗೆ ತೋರಿಸುವದಕ್ಕೆ ಗೆದ್ದದ್ದನ್ನು ತೋರಿಸುವದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಆ ಧೈರ್ಯವನ್ನು ನಾನು ಅವನಿಂದ ಒಮ್ಮೆ ಕಸಿದುಕೊಂಡಿದ್ದೆನು; ಅವನು ತಾನೇ ಮರಳಿ ಗಳಿಸಿಕೊಂಡಿದ್ದಾನೆ. ಎಲ್ಲ ಮಕ್ಕಳಿಗೂ ಅದು ಸಾಧ್ಯವಾಗದು. ಎಷ್ಟು ಜನ ಅಂದಿನಿಂದಲೇ ಸೀಸಕಡ್ಡಿಯನ್ನು ಕೆಳಗಿಟ್ಟರೊ, ನಾನು ಲೆಕ್ಕವಿಟ್ಟಿಲ್ಲ.

ಪಾಲಕರಲ್ಲಿ ನನ್ನ ಬಿನ್ನಹವಿಷ್ಟೆ: ಮಗುವು ಬರೆದದ್ದನ್ನು ತಂದರೆ, ಇದರಿಂದ ಹೊಟ್ಟೆ ತುಂಬುವದೆ ಎಂದು ಕೇಳುವ ಮೊದಲು ಒಮ್ಮೆ ನೋಡಿರಿ. ಸಂಸ್ಥೆಯವರಲ್ಲಿಯೂ ಒಂದು ಬೇಡಿಕೆಯುಂಟು. ಬರುವ ವರ್ಷದಿಂದ ಪ್ರತಿಯೊಬ್ಬ ವಿದ್ಯಾರ್ಥಿಗೂ ಗೆರೆಯಿಲ್ಲದ ಒಂದು ವಹಿಯನ್ನು ಕೊಡಿಸಿರಿ. ಗಣಿತದ ವಹಿಯ ಅಂಚು ಎತ್ತುಗಳಿಗೆ ಸಾಲದು.

ಪ್ರದರ್ಶನವು ಪ್ರಾರಂಭವಾಗಿದೆಯೆಂದು ಸಾರುತ್ತೇನೆ.