ಸರ್ ಮಿರ್ಜಾ ಇಸ್ಮಾಯಿಲ್: ಅರಮನೆಯ ಕಾರ್ಯದರ್ಶಿಯಿಂದ ವಿಶ್ವಸಂಸ್ಥೆಯ ಪ್ರತಿನಿಧಿಯವರೆಗೆ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣದ ಪಾಠ)



ದಿನವೆಲ್ಲ ಯಾರದೋ ಕಾಗದ ಬರೆದು, ಯಾರದೋ ಸಹಿಗೆ ಬಾಗಿಲಲ್ಲಿ ಕಾದು, ಸಂಜೆ ಈ ಬೆಂಚುಗಳ ಮೇಲೆ ಬಂದು ಕುಳಿತಿರುವವರು ನಾವು. ನಮ್ಮಲ್ಲಿ ಕಾರಕೂನರಿದ್ದೇವೆ, ಕಾರ್ಖಾನೆಯವರಿದ್ದೇವೆ, ಹೋಟೆಲಿನ ಕೆಲಸ ಮುಗಿಸಿ ಕೈ ಒರೆಸಿಕೊಂಡು ಬಂದವರೂ ಇದ್ದೇವೆ. ದೊಡ್ಡವರ ಚರಿತ್ರೆ ಕಟ್ಟಿಕೊಂಡು ನಮಗೇನು ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಆದರೆ ಈ ದಿನ ನಾವು ಹೇಳಹೊರಟಿರುವ ಮಹನೀಯರೂ ಮೊದಲು ಇನ್ನೊಬ್ಬರ ಪರವಾಗಿ ಕಾಗದ ಬರೆದವರೇ. ಪರಊರಿನಲ್ಲಿ 'ನೀನು ಯಾವ ಊರಿನವನು' ಎಂಬ ಪ್ರಶ್ನೆಯನ್ನು ಎದುರಿಸಿದವರೇ. ಅದೂ ಇದೇ ಹೈದರಾಬಾದಿನಲ್ಲಿ.

ಮೊದಲು ಒಂದು ದೂರದ ಮಾತು. ಅಮೇರಿಕದಲ್ಲಿ ಜಾನ್ ಹೇ ಎಂಬೊಬ್ಬರಿದ್ದರು. 1861ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಅಧ್ಯಕ್ಷ ಅಬ್ರಹಾಂ ಲಿಂಕನ್ನರ ಕಾರ್ಯದರ್ಶಿಗಳಲ್ಲೊಬ್ಬರಾಗಿ ಸೇರಿದರು. ಬಂದ ಕಾಗದ ಒಡೆಯುವುದು, ಉತ್ತರ ಬರೆಯುವುದು, ಭೇಟಿಗೆ ಬಂದವರನ್ನು ಸಮಾಧಾನ ಪಡಿಸುವುದು ಅವರ ಕೆಲಸ. ಲಿಂಕನ್ನರು 1865ರಲ್ಲಿ ಕೊಲೆಯಾದ ತರುವಾಯ ಪ್ಯಾರಿಸ್, ವಿಯೆನ್ನಾ, ಮ್ಯಾಡ್ರಿಡ್ ನಗರಗಳ ರಾಯಭಾರ ಕಚೇರಿಗಳಲ್ಲಿ ದುಡಿದರು. 1897ರಲ್ಲಿ ಲಂಡನ್ನಿಗೆ ರಾಯಭಾರಿಯಾಗಿ ಹೋದರು. ಮರುವರ್ಷ ತಮ್ಮ ದೇಶದ ವಿದೇಶಾಂಗ ಮಂತ್ರಿಯಾದರು. 1905ರಲ್ಲಿ ತೀರಿಕೊಳ್ಳುವವರೆಗೂ ಆ ಪದವಿಯಲ್ಲಿದ್ದರು. ಒಬ್ಬ ದೊಡ್ಡ ಮನುಷ್ಯನ ಮಗ್ಗುಲಲ್ಲಿ ಕುಳಿತು ಕಲಿತದ್ದು ನಲವತ್ತು ವರ್ಷ ಅವರ ಕೈ ಹಿಡಿಯಿತು.

ಅದೇ 1905ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದ ಒಬ್ಬ ತರುಣರು ಮೈಸೂರು ಸರಕಾರದ ಪೊಲೀಸ್ ಇಲಾಖೆ ಸೇರಿದರು. ಅವರೇ ಮಿರ್ಜಾ ಇಸ್ಮಾಯಿಲ್. ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಅವರ ಅಜ್ಜ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್ ಪಟ್ಟಣದಿಂದ ಕುದುರೆಗಳನ್ನು ಹೊಡೆದುಕೊಂಡು ಬಂದ ವ್ಯಾಪಾರಿ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಕುದುರೆ ಒದಗಿಸಿದವರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆ ಇಂದಿಗೂ ಇದೆ. ನೋಡಿರಿ, ವಲಸೆ ಬಂದವನ ಮೊಮ್ಮಗ! ಮೂರನೆಯ ತಲೆಗೆ ಆ ಮನೆತನ ಮೈಸೂರಿನ ಮಣ್ಣಿನದೇ ಆಗಿಹೋಗಿತ್ತು.

ನಾಲ್ವಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದಾಗ ಅವರ ಜೊತೆಯಲ್ಲಿ ಓದಲು ಕೆಲವು ಹುಡುಗರನ್ನು ಆರಿಸಿದ್ದರು. ಮಿರ್ಜಾ ಅವರಲ್ಲೊಬ್ಬರು. ಮಹಾರಾಜರಿಗಿಂತ ಕೆಲವು ತಿಂಗಳಿಗೆ ದೊಡ್ಡವರು. ಪೊಲೀಸ್ ಇಲಾಖೆಯಲ್ಲಿ ಬಹಳ ದಿನ ಇರಲಿಲ್ಲ. ಅರಮನೆಯ ಕಚೇರಿಗೆ ಕರೆ ಬಂತು. ಅಲ್ಲಿ ಸಹಾಯಕ ಕಾರ್ಯದರ್ಶಿ, ಬಳಿಕ ಹುಜೂರ್ ಕಾರ್ಯದರ್ಶಿ, ಕೊನೆಗೆ ಮಹಾರಾಜರ ಆಪ್ತ ಕಾರ್ಯದರ್ಶಿ. ಹೀಗೆ ಹದಿನೈದು ವರ್ಷಗಳಿಗೂ ಮೇಲ್ಪಟ್ಟು ಅವರು ತೆರೆಯ ಹಿಂದೆ ದುಡಿದರು. ಆ ಅವಧಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದರು. ದಿವಾನರ ಕಾಗದಗಳು ಮಹಾರಾಜರನ್ನು ಮುಟ್ಟುವ ದಾರಿಯಲ್ಲಿ ಕುಳಿತವರಿಗೆ ರಾಜ್ಯಭಾರದ ಪಾಠ ಬೇರೆ ಯಾವ ಶಾಲೆಯಲ್ಲಿ ಸಿಕ್ಕೀತು?

'ಕುದುರೆಯ ಹಿಂದೆ, ಅಧಿಕಾರಿಯ ಮುಂದೆ ಸುಳಿಯಬಾರದು' ಎಂದು ನಮ್ಮ ಹಿರಿಯರು ಗಾದೆ ಮಾಡಿದ್ದಾರೆ. ಕುದುರೆ ವ್ಯಾಪಾರಿಯ ಈ ಮೊಮ್ಮಗ ಅಧಿಕಾರದ ಮುಂದೆಯೇ ಬದುಕು ಕಳೆದರು. 1926ರಲ್ಲಿ ಮೈಸೂರಿನ ದಿವಾನರಾದರು. 1941ರವರೆಗೆ, ಹದಿನೈದು ವರ್ಷ, ಆ ಪದವಿಯಲ್ಲಿದ್ದರು. ಬೃಂದಾವನ ಬೆಳೆದದ್ದು ಆಗ. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ, ಬೆಂಗಳೂರಿನ ಪಿಂಗಾಣಿ ಮತ್ತು ದೀಪದ ಕಾರ್ಖಾನೆಗಳು ಎದ್ದದ್ದು ಆಗ. 1940ರಲ್ಲಿ ವಾಲಚಂದ್ ಹೀರಾಚಂದರ ಜೊತೆ ಸೇರಿ ಸಂಸ್ಥಾನವು ವಿಮಾನದ ಕಾರ್ಖಾನೆಗೆ ನೆಲ ಹಣ ಕೊಟ್ಟದ್ದೂ ಆಗಲೇ. ಬೆಳಗಿನ ಜಾವ ಕುದುರೆ ಏರಿ ಬೀದಿ ಬೀದಿ ಸುತ್ತಿ, ಚರಂಡಿ ಕಟ್ಟಿದ್ದನ್ನೂ ಗೋಡೆಯ ಬಣ್ಣ ಮಾಸಿದ್ದನ್ನೂ ಕಣ್ಣಾರೆ ನೋಡುವ ದಿವಾನರೆಂದು ಅವರಿಗೆ ಹೆಸರು.

ರಾಜತಂತ್ರದ ಕೆಲಸವೂ ಜೊತೆಗೆ ಸಾಗಿತು. ಮೈಸೂರು ಬ್ರಿಟಿಷರಿಗೆ ವರ್ಷಕ್ಕೆ 35 ಲಕ್ಷ ರೂಪಾಯಿ ಪೊಗದಿ ತೆರುತ್ತಿತ್ತು. ಅವರ ದಿವಾನಗಿರಿಯ ಮೊದಲ ವರ್ಷಗಳಲ್ಲಿ ಇದರಲ್ಲಿ ಹತ್ತೂವರೆ ಲಕ್ಷ ಇಳಿಯಿತು. 1930ರ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಮೈಸೂರಿನ ಪರವಾಗಿ ಅವರು ಹೋದಾಗ, ಹೈದರಾಬಾದಿನ ಪರವಾಗಿ ಸರ್ ಅಕ್ಬರ್ ಹೈದರಿ ಬಂದಿದ್ದರು. ಆ ಹೈದರಿಯವರು ಮುಂದೆ ಏರಿದ ಕುರ್ಚಿಯನ್ನೇ ಈ ದಿವಾನರೂ ಒಂದು ದಿನ ಏರುವವರಿದ್ದರು.

ಆದರೆ ಹೊಗಳಿಕೆಯೊಂದನ್ನೇ ಹೇಳಿ ನಾವು ಮುಗಿಸಬಾರದು. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯ ಗಣಪತಿಯ ಸಲುವಾಗಿ ಗಲಭೆಯಾಯಿತು. ವಿಚಾರಣೆಗೆ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿ ಕೂಡಬೇಕಾಯಿತು. 1938ರ ಏಪ್ರಿಲ್ 25ರಂದು ಕೋಲಾರ ಜಿಲ್ಲೆಗೆ ಆಗ ಸೇರಿದ್ದ ವಿದುರಾಶ್ವತ್ಥದಲ್ಲಿ, ಧ್ವಜ ಹಿಡಿದು ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಬಿಟ್ಟರು. ತರುವಾಯ ಸರ್ದಾರ್ ಪಟೇಲರು ಬಂದು ದಿವಾನರೊಡನೆ ಕುಳಿತು ಮಾತಾಡಿ, ಸಂಸ್ಥಾನದ ಧ್ವಜದ ಪಕ್ಕದಲ್ಲಿ ಕಾಂಗ್ರೆಸ್ಸಿನ ಧ್ವಜವೂ ಹಾರಬಹುದೆಂಬ ಒಪ್ಪಂದವಾಯಿತು. ಮೊದಲೇ ಕುಳಿತು ಮಾತಾಡಿದ್ದರೆ ಆ ಪ್ರಾಣಗಳು ಉಳಿಯುತ್ತಿದ್ದುವಲ್ಲ! ಅರಸರ ಮಾತು ಕೇಳಿಸಿಕೊಳ್ಳುವುದರಲ್ಲಿ ನುರಿತ ಕಿವಿಗೆ ಜನರ ಕೂಗು ತಡವಾಗಿ ಕೇಳಿಸಿತು. ಅವರ ಬಾಳಿನ ಲೆಕ್ಕದಲ್ಲಿ ಇದನ್ನು ಬರೆಯದೆ ಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ.

1940ರ ಆಗಸ್ಟಿನಲ್ಲಿ ನಾಲ್ವಡಿಯವರು ತೀರಿಕೊಂಡರು. ಮರುವರ್ಷ ಮಿರ್ಜಾರವರು ದಿವಾನಗಿರಿ ಬಿಟ್ಟರು. 1942ರಿಂದ 1946ರವರೆಗೆ ಜಯಪುರದ ಪ್ರಧಾನಿ. ಅಲ್ಲಿಯ ದೊಡ್ಡ ರಸ್ತೆಗೆ ಅವರ ಹೆಸರು ನಿಂತಿದೆ. ಊರಿನವರು ಅದನ್ನು ಎಂ.ಐ. ರೋಡ್ ಎನ್ನುತ್ತಾರೆ. 1945ರಲ್ಲಿ ಅಲ್ಲಿ ಭಾರತದ ಲೇಖಕರ ಸಮ್ಮೇಳನವೂ ನಡೆಯಿತು, ಇಂಗ್ಲೆಂಡಿನಿಂದ ಇ.ಎಂ. ಫಾರ್ಸ್ಟರರೂ ಬಂದಿದ್ದರು.

ಇನ್ನು ನಮ್ಮ ಹೈದರಾಬಾದಿನ ಮಾತು. 1946ರಲ್ಲಿ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರು ಅವರನ್ನು ತಮ್ಮ ಪ್ರಧಾನಿಯಾಗಿ ಕರೆಸಿಕೊಂಡರು. ಕಾಲ ಎಂಥದು! ಬ್ರಿಟಿಷರು ಹೊರಡುವ ಸಿದ್ಧತೆಯಲ್ಲಿದ್ದರು. ಇಡೀ ಭಾರತದಲ್ಲಿ ಜನಸಂಖ್ಯೆಯಲ್ಲೂ ಸಂಪತ್ತಿನಲ್ಲೂ ಮೊದಲ ಸಾಲಿನ ಸಂಸ್ಥಾನ ಇದು. ತೆಲುಗರು, ಮರಾಠರು, ರಾಯಚೂರು, ಗುಲ್ಬರ್ಗಾ, ಬೀದರಿನ ನಮ್ಮ ಕನ್ನಡಿಗರು ಇದರೊಳಗಿದ್ದರು. ಮುಂದೇನು ಎಂಬುದು ಪ್ರಶ್ನೆ. ಭಾರತದೊಡನೆ ಮರ್ಯಾದೆಯ ಒಪ್ಪಂದ ಮಾಡಿಕೊಳ್ಳುವುದೇ ಕ್ಷೇಮ ಎಂದು ಮಿರ್ಜಾ ತಿಳಿದಿದ್ದರು. ದೇಶ ಒಡೆಯುವ ವಾದವನ್ನು ಅವರು ಎಂದೂ ಒಪ್ಪಿದವರಲ್ಲ.

ಅವರು ಕಾಲಿಟ್ಟ ದಿನದಿಂದಲೇ ವಿರೋಧ ಹುಟ್ಟಿತು. ಜಿನ್ನಾರವರಿಗೆ ಈ ನೇಮಕ ಬೇಡವಾಗಿತ್ತು. ಇತ್ತೆಹಾದುಲ್ ಮುಸಲ್ಮೀನ್ ಸಂಸ್ಥೆ ಬೀದಿಗಿಳಿಯಿತು. ಆ ವರ್ಷದ ಕೊನೆಗೆ ಅದರ ಮುಂದಾಳಾದವರು ಕಾಸಿಂ ರಜ್ವಿ. ಮಿರ್ಜಾರವರನ್ನು ಹಿಂದೂಗಳ ಕಡೆಯವರೆಂದು ಒಬ್ಬರು, ಹೊರಗಿನವರೆಂದು ಇನ್ನೊಬ್ಬರು ಜರೆದರು. ಹೊರಗಿನವನು ಎಂಬ ಮಾತಿಗೆ ಈ ಊರಿನಲ್ಲಿ ಹಳೆಯ ಬೇರಿದೆ. ಮುಲ್ಕಿ, ಗೈರ್‌ಮುಲ್ಕಿ ಎಂಬ ಭೇದ ನಿಜಾಮರ ಆಡಳಿತದ ಶಬ್ದಕೋಶದ್ದೇ. 1919ರ ಫರ್ಮಾನಿನ ಪ್ರಕಾರ ಹದಿನೈದು ವರ್ಷ ನೆಲೆ ನಿಂತವನಿಗೆ ಮಾತ್ರ ಸರಕಾರಿ ನೌಕರಿಯ ಹಕ್ಕು. ಆ ನಿಯಮ ಹುಟ್ಟಿದ್ದಕ್ಕೆ ಊರಿನವರ ಕಡೆಯಿಂದ ನ್ಯಾಯವಾದ ಕಾರಣವೂ ಇತ್ತು: ಹೊರಗಿನಿಂದ ಬಂದವರು ದೊಡ್ಡ ಹುದ್ದೆಗಳನ್ನೆಲ್ಲ ಹಿಡಿದಿದ್ದರು. ಆದರೆ ಒಬ್ಬನ ಮಾತಿಗೆ ಉತ್ತರ ಸಿಗದಾಗ ಅವನ ಊರನ್ನು ಎತ್ತಿ ಬಾಯಿ ಮುಚ್ಚಿಸುವುದು ಬೇರೆಯೇ ವಿದ್ಯೆ. ನಮ್ಮಲ್ಲಿ ಬಾಡಿಗೆಗೆ ಕೋಣೆ ಹುಡುಕಿದವರಿಗೆಲ್ಲ ಆ ವಿದ್ಯೆಯ ಪರಿಚಯವಿದೆ.

ನಿಜಾಮರು ತಮ್ಮ ಪ್ರಧಾನಿಯನ್ನು ಬಿಡಲೂ ಇಲ್ಲ, ಬೆನ್ನಿಗೆ ನಿಲ್ಲಲೂ ಇಲ್ಲ. ಸಲಹೆಯನ್ನು ಕೇಳುವರು, ಮರುದಿನ ಮತ್ತೊಬ್ಬರ ಮಾತಿಗೆ ತಲೆದೂಗುವರು. 1947ರ ಮೇ ತಿಂಗಳಲ್ಲಿ, ಒಂದು ವರ್ಷವೂ ತುಂಬುವ ಮೊದಲೇ, ಮಿರ್ಜಾ ರಾಜೀನಾಮೆ ಕೊಟ್ಟು ಹೊರಟರು. 'ಉಂಡ ಮನೆಗೆ ಎರಡು ಬಗೆಯಬಾರದು' ಎಂಬುದು ನಮ್ಮ ನೀತಿ. ಇದರ ಅರ್ಥವೇನೆಂದು ನಾವು ಇಲ್ಲಿ ನಿಂತು ಯೋಚಿಸಬೇಕು. ಯಜಮಾನನಿಗೆ ಹಿತವಾದದ್ದನ್ನು ಹೇಳುವುದು ಎರಡು ಬಗೆಯುವುದಲ್ಲ. ಹಿತವಲ್ಲವೆಂದು ತಿಳಿದೂ ಹೂಂಗುಟ್ಟಿ ಸಂಬಳ ಎಣಿಸಿಕೊಳ್ಳುವುದೇ ಎರಡು ಬಗೆಯುವುದು.

ಮುಂದಿನದನ್ನು ಈ ಸಭೆಯ ಹಿರಿಯರು ತಮ್ಮ ಮನೆಗಳಲ್ಲಿ ಕೇಳಿಯೇ ಬಲ್ಲರು. 1947ರ ನವೆಂಬರಿನಲ್ಲಿ ಭಾರತದೊಡನೆ ಯಥಾಸ್ಥಿತಿ ಒಪ್ಪಂದವಾಯಿತು. ಲಾಯಕ್ ಅಲಿ ಪ್ರಧಾನಿಯಾದರು. ರಜಾಕಾರರ ಹಾವಳಿ ಹಳ್ಳಿ ಹಳ್ಳಿಗೆ ಹಬ್ಬಿತು. ನಮ್ಮ ಜನ ಗಡಿ ದಾಟಿ ಮುಂಡರಗಿ, ಗಜೇಂದ್ರಗಡದ ಶಿಬಿರಗಳನ್ನು ಸೇರಿದರು. ಮಿರ್ಜಾರವರು 1948ರಲ್ಲಿ ಹೊರಗಿನಿಂದಲೇ ಮತ್ತೊಮ್ಮೆ ರಾಜಿಗೆ ಯತ್ನಿಸಿದರು, ಕೈಗೂಡಲಿಲ್ಲ. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು. 17ರಂದು ನಿಜಾಮರು ಸೋಲೊಪ್ಪಿದರು. ಆ ವಾರವೇ ಹೈದರಾಬಾದಿನ ಪ್ರಶ್ನೆ ವಿಶ್ವಸಂಸ್ಥೆಯ ಭದ್ರತಾ ಮಂಡಲಿಯಲ್ಲಿ ಬಂದಾಗ ಭಾರತದ ಪರವಾಗಿ ಮಾತಾಡಿದವರು ಸರ್ ರಾಮಸ್ವಾಮಿ ಮೊದಲಿಯಾರರು. ಅವರೂ ಮೈಸೂರಿನ ದಿವಾನರೇ! ಸೇನೆ ಬಂದ ಬಳಿಕ ಸೇಡಿನ ಹೆಸರಿನಲ್ಲಿ ಎಷ್ಟೋ ನಿರಪರಾಧಿ ಮುಸಲ್ಮಾನರು ಹತರಾದರು. ಪಂಡಿತ ಸುಂದರಲಾಲರ ಸಮಿತಿ ಅದನ್ನು ವಿಚಾರಿಸಿ ಬರೆದಿಟ್ಟಿತು. ಎರಡು ಕಡೆಯೂ ಸತ್ತವರು ಬಹುಪಾಲು ಬಡವರು. ಹದಿನಾರು ತಿಂಗಳ ಹಿಂದೆ ಒಬ್ಬ ಸಲಹೆಗಾರನ ಮಾತು ರುಚಿಸದೆ ಹೋದದ್ದರ ಬೆಲೆಯಲ್ಲಿ ಬಹುಭಾಗವನ್ನು ತೆತ್ತವರು ಆ ಮಾತನ್ನು ಕೇಳಿಯೂ ಇರಲಿಲ್ಲ. ಅರಸರ ಸಭೆಯ ವಿಷಯ ನಮಗೇಕೆ ಎನ್ನುವವರಿಗೆ ಇದೇ ಉತ್ತರ.

ಮಿರ್ಜಾರವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಇಂಡೋನೇಷ್ಯಾಕ್ಕೆ ಡಚ್ಚರು 1949ರ ಡಿಸೆಂಬರಿನಲ್ಲಿ ಅಧಿಕಾರ ಬಿಟ್ಟುಕೊಟ್ಟರು. ಆ ಹೊಸ ದೇಶಕ್ಕೆ ತಾಂತ್ರಿಕ ನೆರವು ಒದಗಿಸಲು ವಿಶ್ವಸಂಸ್ಥೆ 1950ರಲ್ಲಿ ಪ್ರತಿನಿಧಿಯಾಗಿ ಕಳುಹಿಸಿದ್ದು ಇವರನ್ನೇ. ಆಗ ಅವರಿಗೆ ಅರವತ್ತಾರು ದಾಟಿತ್ತು. ಒಬ್ಬ ಅರಸರ ಕಾಗದ ಬರೆಯುತ್ತಿದ್ದವರು ಇಡೀ ಜಗತ್ತಿನ ಸಂಸ್ಥೆಯ ಪರವಾಗಿ ಇನ್ನೊಂದು ದೇಶದ ಬಾಗಿಲಲ್ಲಿ ನಿಂತರು. 1954ರಲ್ಲಿ ಇಂಗ್ಲಿಷಿನಲ್ಲಿ ತಮ್ಮ ಸಾರ್ವಜನಿಕ ಜೀವನದ ಕಥೆ ಬರೆದು ಪ್ರಕಟಿಸಿದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ, ಹುಟ್ಟಿದ ಊರಿನಲ್ಲೇ, ತೀರಿಕೊಂಡರು. ಅಷ್ಟು ಹೊತ್ತಿಗೆ ಸಂಸ್ಥಾನಗಳು ಹೋಗಿದ್ದುವು. 1956ರ ನವೆಂಬರ್ 1ರಂದು ಗುಲ್ಬರ್ಗಾ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರಿನೊಡನೆ ಒಂದಾಗಿದ್ದುವು. ಅವರು ಬೇರೆ ಬೇರೆಯಾಗಿ ಸೇವೆ ಮಾಡಿದ ಎರಡು ರಾಜ್ಯಗಳ ಕನ್ನಡಿಗರು ಒಂದೇ ಮನೆಯವರಾದದ್ದನ್ನು ಅವರು ಕಂಡರು.

ಮಿತ್ರರೇ, ನಮಗೆ ಇದರಿಂದ ಏನು? ನಾವು ಯಾರೂ ದಿವಾನರಾಗುವವರಲ್ಲ. ಆದರೆ ಈ ನಗರದಲ್ಲಿ ನಾವೂ ನಮ್ಮ ಊರಿನ ಪ್ರತಿನಿಧಿಗಳೇ. ಪಕ್ಕದ ಮನೆಯ ತೆಲುಗರು, ಎದುರು ಬೀದಿಯ ಉರ್ದು ಮಾತಿನವರು ಕರ್ನಾಟಕವೆಂದರೆ ಏನೆಂದು ತಿಳಿಯುವುದು ನಮ್ಮ ನಡತೆಯಿಂದ. ಉಂಡ ಊರಿನ ಭಾಷೆಯನ್ನು ಕಲಿಯೋಣ, ತಾಯಿನುಡಿಯನ್ನು ಮರೆಯದಿರೋಣ. ಕಚೇರಿಯಲ್ಲಿ ತಪ್ಪು ಲೆಕ್ಕ ಕಂಡಾಗ ವಿನಯದಿಂದ, ಆದರೆ ಬಾಯಿ ಬಿಟ್ಟು, ತಪ್ಪೆಂದು ಹೇಳೋಣ. ಯಾರಾದರೂ 'ಹೊರಗಿನವನು' ಎಂದರೆ ಕೋಪಕ್ಕೆ ಬದಲು ಶಿರಾಜಿನಿಂದ ಬಂದ ಕುದುರೆ ವ್ಯಾಪಾರಿಯನ್ನು ನೆನೆಯೋಣ. ಹಾಗೆಯೇ ನಾಳೆ ನಮ್ಮ ಊರಿಗೆ ಬಂದ ಪರಊರಿನ ಕೂಲಿಯವನಿಗೆ ಅದೇ ಮಾತನ್ನು ನಾವು ಆಡದಿರೋಣ.

ಈ ವಾಚನಾಲಯದ ಬಾಗಿಲು ಎಲ್ಲರಿಗೂ ತೆರೆದಿದೆ. ಇಲ್ಲಿ ಓದಲು ಕಾಸು ಬೇಡ. ಬರುವಾಗ ಒಬ್ಬ ಗೆಳೆಯನನ್ನು ಕರೆತನ್ನಿರಿ ಎಂಬುದಷ್ಟೇ ನಮ್ಮ ಬಿನ್ನಹ.