ಮದ್ದಿನ ಅಳತೆ, ಮೂತ್ರಪಿಂಡದ ಅಳತೆ

(ಉತ್ಸವದ ಸಂಜೆಯ ಸಭೆಯಲ್ಲಿ ದೇವಸ್ಥಾನದ ಧರ್ಮದರ್ಶಿಗಳೊಬ್ಬರು ಮಾಡಿದ ಭಾಷಣ)



ಧರ್ಮದರ್ಶಿಯಾದವನು ಈ ವೇದಿಕೆಯಲ್ಲಿ ಜಮಾಖರ್ಚಿನ ಮಾತನ್ನೋ ಜೀರ್ಣೋದ್ಧಾರದ ಮಾತನ್ನೋ ಆಡುವುದು ವಾಡಿಕೆ. ಲೆಕ್ಕಪತ್ರವನ್ನು ಕಾರ್ಯದರ್ಶಿಗಳು ಈಗಾಗಲೇ ಓದಿದ್ದಾರೆ. ಆದ್ದರಿಂದ ನನಗೆ ದೊರೆತ ಈ ಹತ್ತು ನಿಮಿಷದಲ್ಲಿ ಬೇರೊಂದು ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ. ಆಸ್ಪತ್ರೆಗೆ ಸೇರಿದ ರೋಗಿಯ ಮೂತ್ರಪಿಂಡ ಸೋತಿದ್ದರೆ ಅವರಿಗೆ ಕೊಡುವ ಮದ್ದಿನ ಪ್ರಮಾಣವನ್ನು ಏಕೆ ಬದಲಿಸುತ್ತಾರೆ, ಅದರಲ್ಲಿ ಮನೆಯವರ ಪಾಲು ಏನು ಎಂಬುದೇ ಆ ಲೆಕ್ಕ. ನಾನು ವೈದ್ಯನಲ್ಲ. ಎಸ್.ಎಸ್.ಎಲ್.ಸಿ. ಓದಿ ಅಂಗಡಿ ಇಟ್ಟುಕೊಂಡವನು. ಬಲ್ಲವರನ್ನು ಕೇಳಿ ಬರೆದುಕೊಂಡದ್ದನ್ನು ನನ್ನ ತಕ್ಕಡಿಯ ಭಾಷೆಯಲ್ಲಿ ಹೇಳುತ್ತೇನೆ.

ಗೋದಾಮಿಗೆ ದಿನವೂ ಹತ್ತು ಮೂಟೆ ಬರುತ್ತದೆ, ಹತ್ತು ಮೂಟೆ ಹೋಗುತ್ತದೆ ಎಂದುಕೊಳ್ಳಿ. ವ್ಯವಹಾರ ಸರಿಯಾಗಿರುತ್ತದೆ. ಹೊರಗೆ ಹೋಗುವುದು ಮೂರೇ ಮೂಟೆ ಆಯಿತು, ಬರುವುದು ಮಾತ್ರ ಹತ್ತೇ ಎಂದರೆ ವಾರದೊಳಗೆ ಕಾಲಿಡಲು ಜಾಗವಿರುವುದಿಲ್ಲ. ದೇಹದ ಕಥೆಯೂ ಇದೇ. ಹಲವು ಮದ್ದುಗಳು ತಮ್ಮ ಕೆಲಸ ಮುಗಿಸಿ ಮೂತ್ರಪಿಂಡದ ಮೂಲಕ ಹೊರಗೆ ಹೋಗುತ್ತವೆ. ಆ ಬಾಗಿಲು ಕಿರಿದಾದರೆ, ನಿನ್ನೆಯ ಮದ್ದು ಒಳಗಿರುವಾಗಲೇ ಇಂದಿನದು ಬಂದು ಸೇರುತ್ತದೆ. ರೋಗಕ್ಕೆ ಕೊಟ್ಟದ್ದೇ ವಿಷವಾಗುತ್ತದೆ.

ಬಾಗಿಲು ಎಷ್ಟು ತೆರೆದಿದೆ ಎಂದು ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ಎಂಬುದನ್ನು ಪರೀಕ್ಷಿಸುತ್ತಾರೆ. ಆದರೆ ಆ ಸಂಖ್ಯೆ ಒಂದನ್ನೇ ನೋಡಿದರೆ ಸಾಲದು. 1976ರಲ್ಲಿ ಕೆನಡಾ ದೇಶದ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬ ಇಬ್ಬರು ವೈದ್ಯರು ಒಂದು ಸೂತ್ರವನ್ನು ಕೊಟ್ಟರು. 140ರಲ್ಲಿ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, 72 ಮತ್ತು ಕ್ರಿಯಾಟಿನಿನ್‌ನ ಗುಣಲಬ್ಧದಿಂದ ಭಾಗಿಸಬೇಕು. ಹೆಂಗಸರಾದರೆ ಬಂದ ಉತ್ತರವನ್ನು 0.85ರಿಂದ ಗುಣಿಸಬೇಕು. 70 ಕೆ.ಜಿ. ತೂಕದ 25 ವರ್ಷದ ಯುವಕನಿಗೆ ಕ್ರಿಯಾಟಿನಿನ್ 1.4 ಇದ್ದರೆ ನಿಮಿಷಕ್ಕೆ ಸುಮಾರು 80 ಮಿಲಿಲೀಟರ್ ಎಂದು ಉತ್ತರ ಬರುತ್ತದೆ. 45 ಕೆ.ಜಿ. ತೂಕದ 70 ವರ್ಷದ ಅಜ್ಜಿಗೂ ಅದೇ 1.4 ಎಂದಿಟ್ಟುಕೊಳ್ಳಿ. ಅವರ ಉತ್ತರ ಸುಮಾರು 27 ಮಾತ್ರ! ಚೀಟಿಯಲ್ಲಿ ಇಬ್ಬರದೂ ಒಂದೇ ಸಂಖ್ಯೆ, ಆದರೆ ಅಜ್ಜಿಯ ಬಾಗಿಲು ಯುವಕನದರ ಮೂರನೆಯ ಒಂದು ಪಾಲು. ವಯಸ್ಸನ್ನೂ ತೂಕವನ್ನೂ ಸರಿಯಾಗಿ ಹೇಳಬೇಕೆಂದು ಆಸ್ಪತ್ರೆಯವರು ಕೇಳುವುದು ಕೇವಲ ದಾಖಲೆಗಲ್ಲ.

ಇನ್ನು ಮದ್ದುಗಳ ವಿಷಯ. ಜೆಂಟಾಮೈಸಿನ್ ಎಂಬ ಸೂಜಿಮದ್ದು ಮೂತ್ರಪಿಂಡದ ಮೂಲಕವೇ ಹೊರಹೋಗುವಂಥದು. ಒಳಗೆ ಹೆಚ್ಚು ನಿಂತರೆ ಕಿವಿಯನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಆದ್ದರಿಂದ ಒಂದು ಸೂಜಿಗೂ ಮತ್ತೊಂದಕ್ಕೂ ನಡುವಿನ ಅವಧಿಯನ್ನು ಹೆಚ್ಚಿಸುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಹೃದ್ರೋಗಿಗಳಿಗೆ ಕೊಡುವ ಎನಾಕ್ಸಪೆರಿನ್ ಸೂಜಿಯನ್ನು, ಆ ಲೆಕ್ಕ 30ಕ್ಕಿಂತ ಕಡಿಮೆಯಿದ್ದರೆ, ದಿನಕ್ಕೆ ಎರಡು ಬಾರಿಗೆ ಬದಲು ಒಂದು ಬಾರಿ ಕೊಡುತ್ತಾರೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ಮೂತ್ರಪಿಂಡದ ಶಕ್ತಿ 30ಕ್ಕಿಂತ ಇಳಿದರೆ ನಿಲ್ಲಿಸುತ್ತಾರೆ. ಇನ್ಸುಲಿನ್ ಕೂಡ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹಿಂದಿನ ಪ್ರಮಾಣವನ್ನೇ ಮುಂದುವರಿಸಿದರೆ ಸಕ್ಕರೆ ಹಠಾತ್ತನೆ ಕುಸಿದು ರೋಗಿ ಪ್ರಜ್ಞೆ ತಪ್ಪಬಹುದು.

ಹಾಗೆಂದು ಎಲ್ಲವನ್ನೂ ಕಡಿಮೆ ಮಾಡುವುದೇ ಜಾಣತನವೆಂದು ದಯವಿಟ್ಟು ಭಾವಿಸಬಾರದು. ನಮ್ಮ ಬೆಟ್ಟದ ಕಡೆ ಕಾಣಿಸಿಕೊಳ್ಳುವ ಸ್ಕ್ರಬ್ ಟೈಫಸ್ ಜ್ವರವನ್ನೇ ನೋಡಿ. ಪೊದೆಯ ಸಣ್ಣ ಹುಳದ ಕಡಿತದಿಂದ ಬರುವ ಈ ಜ್ವರ ಮೂತ್ರಪಿಂಡವನ್ನೂ ಹಿಡಿಯಬಹುದು. ಇದಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಪ್ರಮಾಣವನ್ನು ಮೂತ್ರಪಿಂಡ ಸೋತಿದೆಯೆಂದು ಇಳಿಸಬೇಕಾಗಿಲ್ಲ. ಇಳಿಸಿದರೆ ಜ್ವರವೇ ಗೆಲ್ಲುತ್ತದೆ.

ಕೆಲವು ಮದ್ದುಗಳಲ್ಲಿ ಮೊದಲ ಪ್ರಮಾಣ ಪೂರ್ತಿ ಇರಬೇಕು, ಕಡಿತವೆಲ್ಲ ಆಮೇಲೆ. ಇದಕ್ಕೆ ನಮ್ಮ ಜಿಲ್ಲೆಯ ಉದಾಹರಣೆಯೇ ಇದೆ. ಊಟಿಯಿಂದ ಗೂಡಲೂರಿಗೆ ಇಳಿಯುವ ದಾರಿಯಲ್ಲಿ ನಡುವಟ್ಟಂ ಸಿಗುತ್ತದೆ. ಅಲ್ಲಿ 1860ರ ದಶಕದಲ್ಲಿ ಸರ್ಕಾರ ಸಿಂಕೋನಾ ತೋಟ ಮಾಡಿತು. ಊಟಿ ಸಸ್ಯೋದ್ಯಾನದ ಮೆಕೈವರ್ ಸಾಹೇಬರು ಅದರ ಉಸ್ತುವಾರಿ ನೋಡಿದರು. ಆ ಮರದ ತೊಗಟೆಯಿಂದ ಬಂದ ಕ್ವಿನೈನ್, ಮಲೇರಿಯಾದಿಂದ ಅಸಂಖ್ಯಾತ ಜೀವಗಳನ್ನು ಉಳಿಸಿತು. ತೀವ್ರ ಮಲೇರಿಯಾಕ್ಕೆ ಇಂದು ಆರ್ಟಿಸುನೇಟ್ ಸೂಜಿಯೇ ಮೊದಲ ಆಯ್ಕೆ. ಆದರೆ ಕ್ವಿನೈನ್ ಕೊಡಬೇಕಾಗಿ ಬಂದಾಗ, ಮೂತ್ರಪಿಂಡ ಸೋತವರಿಗೂ ಮೊದಲ 48 ಗಂಟೆ ಪೂರ್ಣ ಪ್ರಮಾಣ ಕೊಟ್ಟು, ನಂತರ ಮೂರನೆಯ ಒಂದು ಪಾಲು ಇಳಿಸುತ್ತಾರೆ. ಮೊದಲು ರೋಗದ ಬೆನ್ನು ಮುರಿಯಬೇಕು, ಆಮೇಲೆ ಮದ್ದು ಶೇಖರವಾಗದಂತೆ ಕಾಯಬೇಕು ಎಂಬುದು ಇದರ ತಾತ್ಪರ್ಯ.

ಗೂಡಲೂರು ಕಡೆಯ ಆದಿವಾಸಿ ಬಂಧುಗಳಲ್ಲಿ ಕುಡುಗೋಲು ಕಣ ರಕ್ತಹೀನತೆ ಎಂಬ ಹುಟ್ಟಿನಿಂದ ಬರುವ ಕಾಯಿಲೆ ಇದೆ. ಗೂಡಲೂರಿನ ಅಶ್ವಿನಿ ಸಂಸ್ಥೆಯ ಆದಿವಾಸಿ ಆಸ್ಪತ್ರೆ 1990ರಿಂದ ಈ ಜನರ ಸೇವೆಯಲ್ಲಿದೆ. ಈ ಕಾಯಿಲೆ ಕ್ರಮೇಣ ಮೂತ್ರಪಿಂಡವನ್ನೂ ಸವೆಸುತ್ತದೆ. ಇದಕ್ಕೆ ಕೊಡುವ ಹೈಡ್ರಾಕ್ಸಿಯೂರಿಯಾ ಮದ್ದನ್ನೂ ಮೂತ್ರಪಿಂಡದ ಶಕ್ತಿ 60ಕ್ಕಿಂತ ಕಡಿಮೆ ಇರುವವರಿಗೆ ಅರ್ಧ ಪ್ರಮಾಣದಿಂದಲೇ ಪ್ರಾರಂಭಿಸುತ್ತಾರೆ.

ಈ ಲೆಕ್ಕವನ್ನೆಲ್ಲ ಯಾರು ನೋಡುತ್ತಾರೆ ಎಂದು ತಾವು ಕೇಳಬಹುದು. ನಿರ್ಧಾರ ವೈದ್ಯರದು. ಅವರಿಗೆ ನೆರವಾಗುವವರು ಔಷಧ ತಜ್ಞರು. ಸುತ್ತೂರು ಶ್ರೀಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು 1980ರಲ್ಲಿ ನಮ್ಮ ಊಟಿಯಲ್ಲಿ ಔಷಧ ವಿಜ್ಞಾನ ಕಾಲೇಜನ್ನು ತೆರೆಯಿತೆಂಬುದು ಕನ್ನಡಿಗರಾದ ನಮಗೆಲ್ಲ ಹೆಮ್ಮೆಯ ಸಂಗತಿ. 1990ರ ದಶಕದ ಉತ್ತರಾರ್ಧದಲ್ಲಿ ಆ ಕಾಲೇಜಿನವರು ಮದ್ದು ತಯಾರಿಸುವ ವಿದ್ಯೆಯ ಜೊತೆಗೆ, ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಹಾಸಿಗೆಯ ಬಳಿ ನಿಂತು ಮದ್ದಿನ ಪಟ್ಟಿಯನ್ನು ಪರಿಶೀಲಿಸುವ ವಿದ್ಯೆಯನ್ನೂ ಕಲಿಸತೊಡಗಿದರು. ದೇಶದಲ್ಲಿ ಇಂಥ ಪಾಠ ಆಗ ತೀರಾ ಹೊಸದು. ಆರು ವರ್ಷದ ಫಾರ್ಮ್ ಡಿ ಪದವಿ ಭಾರತಕ್ಕೆ ಬಂದದ್ದು 2008ರಲ್ಲಿ. ಬಿಳಿ ಕೋಟು ತೊಟ್ಟ ಹುಡುಗ ಹುಡುಗಿಯರು ಬಂದು "ಮನೆಯಲ್ಲಿ ಯಾವ ಮಾತ್ರೆ ತಿನ್ನುತ್ತೀರಿ?" ಎಂದು ಕೇಳಿದರೆ ಬೇಸರಿಸಬೇಡಿ. ಅವರ ಪ್ರಶ್ನೆಯಲ್ಲಿ ತಮ್ಮ ಪ್ರಾಣದ ಕಾಳಜಿ ಇದೆ.

ಇಲ್ಲಿಯೇ ನಮ್ಮ ಗಡಿನಾಡಿನ ವಿಶೇಷ ತೊಂದರೆ. ಮಸಿನಗುಡಿಯವರು ಒಮ್ಮೆ ಊಟಿಗೆ, ಒಮ್ಮೆ ಮೈಸೂರಿಗೆ ಹೋಗುತ್ತಾರೆ. ಗೂಡಲೂರಿನವರು ಸುಲ್ತಾನ್ ಬತ್ತೇರಿಗೂ ಹೋಗುತ್ತಾರೆ. ಹೆಚ್ಚಿನದಕ್ಕೆ ಕೊಯಮತ್ತೂರು. ಒಂದೇ ಮನೆಯಲ್ಲಿ ಮೂರು ರಾಜ್ಯದ ಚೀಟಿಗಳು! 2021ರಲ್ಲಿ ಪ್ರಾರಂಭವಾದ ಮಕ್ಕಳೈ ತೇಡಿ ಮರುತ್ತುವಂ ಯೋಜನೆಯಲ್ಲಿ ಬಿ.ಪಿ., ಸಕ್ಕರೆಯ ಮಾತ್ರೆ ಮನೆಬಾಗಿಲಿಗೇ ಬರುತ್ತದೆ. ಅದು ಬಹಳ ಉಪಕಾರ. ಆದರೆ ಒಬ್ಬ ವೈದ್ಯರು ಬರೆದದ್ದು ಮತ್ತೊಬ್ಬರಿಗೆ ತಿಳಿಯದಿದ್ದರೆ, ಒಂದೇ ಮದ್ದು ಎರಡು ಹೆಸರಿನಲ್ಲಿ ಎರಡು ಬಾರಿ ಹೊಟ್ಟೆಗೆ ಹೋಗಬಹುದು. ಇದರ ಮೇಲೆ ಮೈಕೈ ನೋವಿಗೆಂದು ಕೇಳಿ ಪಡೆಯುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಬೇರೆ. ಅವು ಸೋತ ಮೂತ್ರಪಿಂಡವನ್ನು ಇನ್ನಷ್ಟು ಕೆಡಿಸುತ್ತವೆ. ಅಂಗಡಿಯವನಾಗಿ ಹೇಳುತ್ತೇನೆ, ಇವು ಬೆಲ್ಲ ಬೇಳೆಯ ಜೊತೆ ಕೇಳಿ ಕೊಳ್ಳುವ ಸಾಮಾನಲ್ಲ.

ಆದ್ದರಿಂದ ಭಕ್ತರಲ್ಲಿ ನನ್ನ ಬಿನ್ನಹ ಇಷ್ಟೇ. ಮನೆಗೊಂದು ಬಟ್ಟೆಯ ಚೀಲ ಇಡಿ. ಎಲ್ಲ ಊರಿನ ಚೀಟಿಗಳು, ಮಾತ್ರೆಯ ಖಾಲಿ ಪಟ್ಟಿಗಳು, ನಾಟಿ ಮದ್ದಿನ ಪೊಟ್ಟಣ, ಕೊನೆಯ ಕ್ರಿಯಾಟಿನಿನ್ ಕಾಗದ ಎಲ್ಲವೂ ಅದರಲ್ಲಿರಲಿ. ಯಾವ ಆಸ್ಪತ್ರೆಗೆ ಹೋದರೂ ಚೀಲ ಮುಂದಿಡಿ. "ಇವರ ಮೂತ್ರಪಿಂಡಕ್ಕೆ ಈ ಪ್ರಮಾಣ ಸರಿಯೇ?" ಎಂದು ವಿನಯದಿಂದ ಕೇಳಿ. ಡಯಾಲಿಸಿಸ್ ಮಾಡಿಸುವವರಾದರೆ ಯಾವ ಮದ್ದು ಮೊದಲು, ಯಾವುದು ನಂತರ ಎಂದು ಬರೆಸಿಕೊಳ್ಳಿ, ಏಕೆಂದರೆ ಕೆಲವು ಮದ್ದು ಡಯಾಲಿಸಿಸ್ ನೀರಿನೊಡನೆ ತೊಳೆದುಹೋಗುತ್ತದೆ. ಆಸ್ಪತ್ರೆಯಲ್ಲಿ ಕಡಿಮೆ ಮಾಡಿದ ಪ್ರಮಾಣ ಶಾಶ್ವತವೆಂದೂ ತಿಳಿಯಬೇಡಿ. ಮೂತ್ರಪಿಂಡ ಚೇತರಿಸಿಕೊಂಡರೆ ಮತ್ತೆ ಏರಿಸಬೇಕಾಗುತ್ತದೆ. ಮರುಪರೀಕ್ಷೆಯ ದಿನ ತಪ್ಪಿಸಬೇಡಿ. ಹರಕೆಯೆಂದು ನೀರೂ ಮುಟ್ಟದೆ ಉಪವಾಸ ಮಾಡುವ ಮುನ್ನ ಇಂಥ ರೋಗಿಗಳು ವೈದ್ಯರನ್ನು ಕೇಳಲೇಬೇಕು. ತಾವಾಗಿ ಮಾತ್ರೆಯನ್ನು ಮುರಿದು ಅರ್ಧ ಮಾಡುವುದೂ ಬೇಡ, ನಿಲ್ಲಿಸುವುದೂ ಬೇಡ.

ತಕ್ಕಡಿ ಹಿಡಿದವನಿಗೆ ಹೆಚ್ಚು ತೂಗಿದರೂ ನಷ್ಟ, ಕಡಿಮೆ ತೂಗಿದರೂ ಪಾಪ. ಮದ್ದಿನ ವಿಷಯದಲ್ಲಿ ಆ ನಷ್ಟ ಜೀವದ್ದು. ತೂಗುವವರು ವೈದ್ಯರೇ ಆದರೂ ತಕ್ಕಡಿಗೆ ಸರಿಯಾದ ಬಟ್ಟು ಒದಗಿಸುವುದು ಮನೆಯವರ ಕರ್ತವ್ಯ.