ಮರದ ಮನೆ, ಬಡಗಿಯ ಕೈ

ಮೈಸೂರಿನ ಹಳೆಯ ಮರದ ಅರಮನೆಯು 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಕಲ್ಲು ಕಬ್ಬಿಣಗಳ ಹೊಸ ಅರಮನೆ 1912ರಲ್ಲಿ ಪೂರ್ಣವಾಯಿತು. ಮರವು ಅಸ್ಥಿರವೆಂಬ ಪಾಠವನ್ನು ನಾವು ಕಲಿತೆವು. ಅದೇ ಅಸ್ಥಿರತೆಯಿಂದ ಜಪಾನೀಯರು ಬೇರೊಂದು ಪಾಠವನ್ನು ಕಲಿತಿರುವರು.

ಅಲ್ಲಿಯ ಇಸೆ ಕ್ಷೇತ್ರದಲ್ಲಿ ಸೂರ್ಯದೇವತೆಯ ಮರದ ಮಂದಿರವನ್ನು 20 ವರ್ಷಗಳಿಗೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟುವುದು ಪದ್ಧತಿ. 2013ರಲ್ಲಿ ನಡೆದುದು 62ನೆಯ ಸಲ. ಹಿನೋಕಿ ಮರದ ಕಂಬಗಳನ್ನು ನೇರವಾಗಿ ನೆಲದಲ್ಲಿಯೇ ನೆಟ್ಟು, ಮಾಡಿಗೆ ಹುಲ್ಲು ಹೊದಿಸುವರು. ಒಂದು ಸಲ ಉಳಿ ಹಿಡಿದು ಕಲಿತ ತರುಣನು ಮುಂದಿನ ಸಲ ತಾನೇ ಮೇಸ್ತ್ರಿಯಾಗಿ ಇನ್ನೊಬ್ಬನಿಗೆ ಕಲಿಸಬಲ್ಲನು. ತೊಲೆ ಶಿಥಿಲವಾದರೂ ಕೈಯ ವಿದ್ಯೆ ಶಿಥಿಲವಾಗದು.

ನಮ್ಮ ಮಲೆನಾಡಿನ ತೊಟ್ಟಿಮನೆಗಳ ಕಂಬ ಬೋದಿಗೆಗಳನ್ನು ಕೊರೆದ ಕೈಗಳನ್ನು ನಾವು ಬಾಯ್ತುಂಬ ಹೊಗಳುತ್ತೇವೆ. ಆ ವಿದ್ಯೆಗೆ ಶಿಷ್ಯರು ದೊರೆಯಬೇಕಾದರೆ ಹೊಗಳಿಕೆ ಸಾಲದು. ಆ ಬಡಗಿಗಳಿಂದ ನಾವು ಮನೆಗಳನ್ನು ಕಟ್ಟಿಸಬೇಕು.